ಗಿರಣಿ ಕಾಕಾನ ಹೆಸರು

ನನ್ನ ಹೆಸರು ದಾವಲಸಾಬ. ಹೀಗೆ ಬಾಯಿ ತುಂಬ ಹೇಳಿಕೊಳ್ಳುವುದೇ ಈಗ ಒಂದು ಸುಖ. ಬೇಕಾದರೆ ನೀವೂ ಒಮ್ಮೆ ಕರೆದು ನೋಡಿ, ನನಗೇನೂ ಆಗುವುದಿಲ್ಲ. ಬಿಕ್ಕಳಿಕೆ ಜ್ವರದ ಕಾಲದಲ್ಲಿ ಕರೆದಿದ್ದರೆ ಮಾತ್ರ ನಿಮಗೆ ದಂಡ, ನನಗೆ ಕಂಬಳಿ.

ಆ ವರ್ಷ ನಮ್ಮ ಊರಿನಲ್ಲಿ ಯಾರನ್ನಾದರೂ ಹೆಸರು ಹಿಡಿದು ಕರೆದರೆ ಅವರಿಗೆ ಜ್ವರ ಬರುತ್ತಿತ್ತು. ಕರೆದವರು ಆರಾಮ ಇರುತ್ತಿದ್ದರು, ಅನುಭವಿಸುವವರು ಕರೆಸಿಕೊಂಡವರು. ಮೊದಲು ಒಂದು ಬಿಕ್ಕಳಿಕೆ, ಆಮೇಲೆ ಮೈ ಬಿಸಿ, ಆಮೇಲೆ ಬಿಕ್ಕಳಿಕೆಯ ಮೇಲೆ ಬಿಕ್ಕಳಿಕೆ. ಕರೆದಾಗಲೆಲ್ಲ ಬರುತ್ತಿತ್ತೆಂದೂ ಇಲ್ಲ. ಕೆಲವೊಮ್ಮೆ ಬರುತ್ತಿತ್ತು, ಕೆಲವೊಮ್ಮೆ ಇಲ್ಲ, ಅದೇ ಕುತ್ತು. ಪ್ರತಿ ಸಲ ಬರುವಂತಿದ್ದರೆ ಜನ ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಕರೆದು ಏನೂ ಆಗಲಿಲ್ಲವೆಂದರೆ, ಸರಕಾರ ಸುಮ್ಮನೆ ಹೆದರಿಸುತ್ತಿದೆ ಎಂದು ಕಟ್ಟೆಯ ಮೇಲೆ ಕೂತು ಭಾಷಣ ಮಾಡುವವರು ಹುಟ್ಟಿಕೊಳ್ಳುತ್ತಿದ್ದರು. ಮಕ್ಕಳು, ಹರೆಯದವರು ಎರಡು ದಿನ ಬಿಕ್ಕಿ ಎದ್ದು ಓಡಾಡುತ್ತಿದ್ದರು. ವಯಸ್ಸಾದವರಿಗೆ, ಎದೆ ಸೋತವರಿಗೆ ಮಾತ್ರ ಅದು ಆಟವಾಗಿರಲಿಲ್ಲ. ಮೇಲಿನ ಓಣಿಯ ಕೆಲವು ಹಿರಿಯರು ಆ ಬಿಕ್ಕಳಿಕೆಯಲ್ಲೇ ಹೋದರು.

ಆದ್ದರಿಂದ ಸರಕಾರ ಹುಕುಂ ಹೊರಡಿಸಿತು. ಮುಂದಿನ ಆದೇಶದವರೆಗೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯತಕ್ಕದ್ದಲ್ಲ, ಮನೆಯಲ್ಲಾಗಲಿ ಬೀದಿಯಲ್ಲಾಗಲಿ. ಮನಸ್ಸಿನಲ್ಲಿ ನೆನೆಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಓಣಿಯಿಂದ ಓಣಿಗೆ ಓಡಾಟ ಬೇಡವೆಂದು ಬಿದಿರಿನ ಅಡ್ಡಗಳೂ ಬಂದವು, ಸಂತೆ ಚೌಕಕ್ಕೆ ಸರದಿಯ ಪ್ರಕಾರ, ಶಾಲೆ, ಕೋರ್ಟು, ಕಚೇರಿ, ಗುಡಿಗೆ ಕೆಲಸವಿದ್ದಷ್ಟು ಮಾತ್ರ ಹೋಗಬಹುದಿತ್ತು. ಓಣಿಗೊಬ್ಬ ಕಿವಿದಾರನನ್ನೂ ನೇಮಿಸಿದರು. ಜಮಾದಾರ, ಹವಾಲ್ದಾರ ಇದ್ದ ಹಾಗೆ ಕಿವಿದಾರ. ಯಾರ ಬಾಯಿಂದ ಹೆಸರು ಬಿತ್ತೆಂದು ಕೇಳಿಸಿಕೊಂಡು ಎಚ್ಚರಿಸುವುದು, ಆರೋಗ್ಯ ಕಚೇರಿಗೆ ತಿಳಿಸುವುದು ಅವನ ಕೆಲಸ. ನಮ್ಮ ಓಣಿಗೆ ನಾನೇ ಆದೆ. ಓಣಿಯ ಮೂಲೆಯಲ್ಲಿ ನನ್ನ ಟೇಲರ್ ಅಂಗಡಿ, ಅದರ ಹಿಂದೆಯೇ ಮನೆ, ಹಾದುಹೋಗುವವರ ಮಾತೆಲ್ಲ ನನ್ನ ಮುಂದೆಯೇ ಹಾಯಬೇಕು. ಹುಟ್ಟಿನಿಂದ ನನ್ನ ಕಿವಿಗಳೂ ಸ್ವಲ್ಪ ಉದಾರವಾಗಿವೆ. ನೀಲಿ ತೋಳಪಟ್ಟಿ ಕಟ್ಟಿಕೊಂಡು ಮನೆಗೆ ಹೋದ ದಿನ ನನ್ನ ಹೆಂಡತಿ ಬೀಬಿಜಾನ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಉಪ್ಪು ತೀರೇತಿ ಅಂತ ಎಂಟು ದಿವ್ಸದಿಂದ ಹೇಳಾಕ್ಹತ್ತೀನಿ, ಅದು ಕೇಳಸೂದಿಲ್ಲ. ಇಂಥಾ ಕಿವೀನ ಸರಕಾರ ಕೆಲಸಕ್ಕ ಇಟಗೊಂಡೈತಿ ನೋಡ!"

ಮೊದಲ ಕೆಲವು ದಿನ ಊರಿಗೆ ಊರೇ ತೊದಲಿತು. ಶಾಲೆಯಲ್ಲಿ ಮಾಸ್ತರರು ಮಕ್ಕಳಿಗೆಲ್ಲ ಒಂದೊಂದು ಕಾಯಿಪಲ್ಲೆ ಹಂಚಿ ಹಾಜರಿ ಹಿಡಿದರು. "ಬದನೀಕಾಯಿ?" "ಬಂದೀನ್ರಿ!" "ಕುಂಬಳಕಾಯಿ?" "ಜ್ವರಾರಿ!" ಹಾಗಲಕಾಯಿ ಸಿಕ್ಕ ಹುಡುಗಿಯ ತಾಯಿ ಶಾಲೆಗೆ ಬಂದು ಜಗಳ ತೆಗೆದು, ಮಗಳಿಗೆ ಬೆಂಡೆಕಾಯಿ ಮಾಡಿಸಿಕೊಂಡು ಹೋದಳು. ಕೋರ್ಟಿನಲ್ಲಿ ಹೆಸರು ಕೂಗುವ ಪೇದೆ ಹಿತ್ತಾಳೆ ತಟ್ಟೆ ಬಾರಿಸಿ ಬೆರಳಿನಿಂದ ಸನ್ನೆ ಮಾಡುತ್ತಿದ್ದ, ಸನ್ನೆ ಯಾರಿಗೆಂದು ತಿಳಿಯದೆ ಎರಡು ಖಟ್ಲೆಯವರು ಒಟ್ಟಿಗೆ ಒಳಗೆ ನುಗ್ಗುತ್ತಿದ್ದರು. ಗುಡಿಯಲ್ಲಿ ಅರ್ಚನೆ ಮಾಡಿಸುವವರ ಹೆಸರು ಹೇಳುವಂತಿಲ್ಲ. ಪೂಜಾರಿ ದೇವರ ಕಡೆ ನೋಡಿ, "ಇಕಾ, ಇವರs" ಎಂದು ತೋರಿಸಿ ಹೂವು ಹಾಕಿಬಿಡುತ್ತಿದ್ದ. ನಮ್ಮ ದರ್ಗಾದಲ್ಲೂ ಹಾಗೆಯೇ ನಡೆಯಿತು. ದೇವರು ಯಾರನ್ನೂ ಅದಲುಬದಲು ಮಾಡಿದ ಹಾಗೆ ಕಾಣಲಿಲ್ಲ.

ಕಷ್ಟಪಟ್ಟವರು ಗಂಡಸರು. ಹೆಂಗಸರಿಗೆ ಇದೇನು ಹೊಸದೇ? ಗಂಡನ ಹೆಸರನ್ನು ಬಾಯಲ್ಲಿ ತರದೆ ಅವರು ಮನೆ ನಡೆಸಿದವರು, ಮಕ್ಕಳ ಮದುವೆ ಮಾಡಿದವರು, ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವಳ ಕಡೆ ತಿರುಗಿ, "ನೀ ಹೇಳವಾ" ಎಂದು ಪಾರಾದವರು. ಆ ವಿದ್ಯೆಯಲ್ಲಿ ನಮ್ಮ ಊರಿನಲ್ಲೇ ಎತ್ತಿದ ಕೈ ಎಂದರೆ ನನ್ನ ಗೋಡೆ ಪಕ್ಕದ ಮನೆಯ ಹೊಳೆವ್ವ ಕಾಕಿ.

ಹೊಳೆವ್ವ ಕಾಕಿಯ ಗಂಡ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿ ಕಾಕಾ ಎಂದರೆ ಎಲ್ಲರಿಗೂ ಗೊತ್ತು. ಅರವತ್ತು ದಾಟಿದ ಮನುಷ್ಯ, ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಗಿರಣಿಯ ಸದ್ದಿನಲ್ಲಿ ಜೀವನ ಕಳೆದು ಕಿವಿ ಮಂದವಾಗಿದೆ, ಹಿಟ್ಟಿನ ಧೂಳಿನಿಂದ ಎದೆಯಲ್ಲಿ ಉಬ್ಬಸ. ಇವರ ಮದುವೆಯ ಕಥೆಯನ್ನು ನಮ್ಮ ಓಣಿಯಲ್ಲಿ ಇನ್ನೂ ಹೇಳಿ ನಗುತ್ತಾರೆ. ಹೊಸ ಮದುಮಗಳು ಗಂಡನ ಹೆಸರನ್ನು ಒಡಪಿನ ಪದದಲ್ಲಿ ಕಟ್ಟಿ ಹೇಳಿದರೆ ಮಾತ್ರ ಹೊಸ್ತಿಲು ದಾಟಿಸುವ ಪದ್ಧತಿ ನಮ್ಮಲ್ಲಿದೆ. ಹೊಳೆವ್ವ ಕಾಕಿ ಹೊಸ್ತಿಲ ಹೊರಗೆ ನಿಂತವಳು ನಿಂತೇ ಇದ್ದಳಂತೆ. ಆರತಿಯ ಎಣ್ಣೆ ತೀರಿತು, ಒಳಗೆ ಅನ್ನ ಆರಿತು, ಹುಡುಗಿಯ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಕೊನೆಗೆ ಯಾರೋ ಹಿರಿಯಳು ಮರುಕಪಟ್ಟು, "ಬಿಡ್ರೆ, ನಾಳೆ ಹೇಳ್ತಾಳ" ಎಂದು ಒಳಗೆ ಕರೆದುಕೊಂಡಳು. ಆ ನಾಳೆ ಬಂದೇ ಇರಲಿಲ್ಲ. ಕಾಕಾನಿಗೆ ಅದೊಂದು ಆಸೆ ಉಳಿದುಹೋಗಿತ್ತು. ನನ್ನ ಅಂಗಡಿಯಲ್ಲಿ ಕೂತಾಗ ಒಮ್ಮೊಮ್ಮೆ, "ನನ್ನ ಹೆಸರು ಅಕಿ ಬಾಯಾಗ ಹೆಂಗ ಕೇಳಸ್ತೈತಿ ಅಂತ ಒಮ್ಮೆ ಕೇಳಿ ಸಾಯಬೇಕಲೇ" ಎನ್ನುತ್ತಿದ್ದರು. ಕಾಕಿಗೆ ಕೇಳಿಸಿದರೆ, "ಸಾಯೂ ಮಾತು ಯಾಕ, ಉಣ್ಣಾಕ ಬರ್ರಿ" ಎಂದು ಒಳಗೆ ಹೋಗುತ್ತಿದ್ದಳು.

ಆರೋಗ್ಯ ಕಚೇರಿಗೆ ಡಾಕ್ಟರ್ ಇಂದುಮತಿ ಎಂಬವರು ಹೊಸದಾಗಿ ಬಂದಿದ್ದರು. ಬೇರೆ ಕಡೆಯವರು, ಒಬ್ಬರೇ ಇರುತ್ತಿದ್ದರು, ನಿಯಮದ ವಿಷಯದಲ್ಲಿ ಕಟ್ಟುನಿಟ್ಟು. ಗಂಡಸರ ಬಾಯಿಂದ ಹೆಸರು ಜಾರುವುದು ನಿಲ್ಲುತ್ತಿಲ್ಲವೆಂದು ಕಂಡು, ಹೊಳೆವ್ವ ಕಾಕಿಯನ್ನೇ ಕರೆಸಿ ಮುನಸಿಪಾಲ್ಟಿಯ ಸಭಾಭವನದಲ್ಲಿ ತರಗತಿ ಇಡಿಸಿದರು. ನಾನು ಬಾಗಿಲಲ್ಲಿ ಕಾವಲಿದ್ದೆ. ಊರಿನ ದೊಡ್ಡ ದೊಡ್ಡ ಮೀಸೆಗಳೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು.

"ಹೆಸರು ನಾಲಿಗಿ ತುದೀಗೆ ಬಂತಂದ್ರ ಮೊದಲ ಒಂದು ಗುಟಕ ನೀರು ಕುಡೀರಿ," ಎಂದಳು ಕಾಕಿ. "ಅಷ್ಟಕ್ಕೂ ಬಂದs ಬರ್ತೀನಿ ಅಂತಂದ್ರ ಕೆಮ್ಮರಿ. ಇಲ್ಲಾ ಬಳಿ ಸಪ್ಪಳ ಮಾಡ್ರಿ. ಬೇಕಾದಾವ್ರು ತಾವs ತಿರುಗಿ ನೋಡ್ತಾರ."

"ನಾವು ಬಳಿ ಎಲ್ಲಿಂದ ತರೂಣು ಯವ್ವಾ?" ಎಂದು ಕಿರಾಣಿ ಅಂಗಡಿಯ ಚಿದಾನಂದ ಕೇಳಿದ.

"ಉಡದಾರದಾಗ ಅಷ್ಟುದ್ದ ಕೀಲಿಕೈ ಗೊಂಚಲಾ ಕಟಗೊಂಡಿಯಲ್ಲ, ಅದು ಯಾತಕ್ಕೈತಿ?"

ಮರುದಿನದಿಂದ ಊರೆಲ್ಲ ಕೀಲಿಕೈ ಸದ್ದು. ಗಂಡ ಹೆಂಡತಿಯನ್ನು ಕರೆಯುವುದು ಕೀಲಿಯಿಂದ, ಸಾಹುಕಾರ ಆಳನ್ನು ಕರೆಯುವುದು ಕೀಲಿಯಿಂದ. ಮನೆಗೆ ಬೀಗವೇ ಇಲ್ಲದವರು ಕೂಡ ಸಂತೆಯಲ್ಲಿ ಹಳೆಯ ಕೀಲಿ ಕೊಂಡು ತಂದರು. ಒಂದೊಂದು ಮನೆಯ ಗೊಂಚಲಿನ ಸದ್ದೂ ಬೇರೆ ಬೇರೆ, ನಾಲ್ಕು ದಿನದಲ್ಲಿ ನನಗೆ ಎಲ್ಲ ಗುರುತಾಯಿತು. ಜ್ವರ ಇಳಿಮುಖವಾಯಿತು. ಇಂದುಮತಿ ಮೇಡಂ ಖುಷಿಯಾಗಿ, ಬಣ್ಣ ಬರೆಯುವವನಿಗೆ ಹೇಳಿ ಒಂದು ದೊಡ್ಡ ಹಲಗೆ ಮಾಡಿಸಿದರು. ತುಟಿಯ ಮೇಲೆ ಬೆರಳಿಟ್ಟ ಹೊಳೆವ್ವ ಕಾಕಿಯ ಚಿತ್ರ, ಕೆಳಗೆ "ಬಾಯಿ ಭದ್ರ, ಊರು ಭದ್ರ" ಎಂಬ ಬರಹ. ಮೂಗು ಸ್ವಲ್ಪ ಉದ್ದವಾಗಿತ್ತು, ಉಳಿದದ್ದೆಲ್ಲ ಕಾಕಿಯೇ.

ಅದನ್ನು ಸಂತೆ ಚೌಕದಲ್ಲಿ ನಿಲ್ಲಿಸುವ ದಿನ ನಮ್ಮ ಓಣಿಯವರ ಸರದಿ. ನಾನು, ಕಾಕಿ ಇಬ್ಬರೂ ಮೆಂತ್ಯಪಲ್ಲೆಯವಳ ಮುಂದೆ ನಿಂತಿದ್ದೆವು. ಚೌಕದ ಆ ತುದಿಯಲ್ಲಿ ಆಳುಗಳು ಎರಡು ಕಂಬದ ಮೇಲೆ ಹಲಗೆಯನ್ನು ಹಗ್ಗದಿಂದ ಎಳೆದು ಏರಿಸುತ್ತಿದ್ದರು. ಗಿರಣಿಯ ಚಕ್ರದ ಹೊಸ ಪಟ್ಟಾ ಹೆಗಲ ಮೇಲೆ ಹಾಕಿಕೊಂಡು ಆ ದಾರಿಯಲ್ಲಿ ಬಂದ ಕಾಕಾ, ಮೇಲೇರುತ್ತಿದ್ದ ಹೆಂಡತಿಯನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಸರಿಯಾಗಿ ಹಲಗೆಯ ಕೆಳಗೆ ನಿಂತು, ಕತ್ತು ಮೇಲೆತ್ತಿ, ಬಾಯಿ ಅಗಲ ಮಾಡಿ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಕಂಬ ವಾಲಿತು. ಆಳುಗಳು "ಸರೀರಿ, ಸರೀರಿ!" ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು, ಕಾಕಾನಿಗೆ ಬಿಟ್ಟು.

"ರೀ!" ಎಂದು ಕಾಕಿ ಕಿರುಚಿದಳು.

ಚೌಕದಲ್ಲಿದ್ದ ಗಂಡಸರೆಲ್ಲ ಗಕ್ಕನೆ ತಿರುಗಿದರು. ಚಿದಾನಂದ ತಿರುಗಿದ, ಪಿಂಗಾಣಿ ಮಾರುವವನು ತಿರುಗಿದ, ಬೀಬಿಜಾನ ಬಂದಳೇನೋ ಎಂದು ನಾನೂ ತಿರುಗಿದೆ. ತಿರುಗದಿದ್ದವರು ಒಬ್ಬರೇ. ಕಾಕಿ ಎರಡೂ ಕೈಯ ಬಳೆ ಬಡಿದಳು. ಜನರೂ ಗಾಬರಿಯಾಗಿ ತಮ್ಮ ತಮ್ಮ ಕೀಲಿ ಗೊಂಚಲು ಅಲ್ಲಾಡಿಸಿದರು. ಚೌಕವೆಲ್ಲ ಝಣಝಣ ಎಂದಿತು, ಕಾಕಾ ಹೆಂಡತಿಯ ಚಿತ್ರ ನೋಡುತ್ತಲೇ ಇದ್ದರು. ಹಲಗೆ ಕಂಬ ಬಿಟ್ಟಿತು.

ಆಗ ಹೊಳೆವ್ವ ಕಾಕಿ ಗಂಡನ ಹೆಸರು ಹಿಡಿದು ಕೂಗಿದಳು. ಮೆಂತ್ಯಪಲ್ಲೆಯ ಸಿವುಡು ಕೈಯಿಂದ ಬಿದ್ದದ್ದೂ ಗೊತ್ತಿಲ್ಲ ಅವಳಿಗೆ. ಆ ಸ್ವರವನ್ನು ಅಷ್ಟು ವರ್ಷ ಅವಳು ಎಲ್ಲಿ ಇಟ್ಟುಕೊಂಡಿದ್ದಳೋ. ಗುಡಿಯ ಗೋಪುರದ ಮೇಲಿನ ಪಾರಿವಾಳಗಳು ಎದ್ದವು. ಗಿರಣಿಯ ಸದ್ದಿಗೆ ಮಂದವಾದ ಕಾಕಾನ ಕಿವಿಗೆ ಅದೊಂದು ಕೇಳಿಸಿತು. ತಟ್ಟನೆ ತಿರುಗಿ, ಕರೆದ ಕಡೆಗೆ ಎರಡು ದಾಪುಗಾಲು ಹಾಕಿದರು. ಅವರು ನಿಂತಿದ್ದ ಜಾಗದ ಮೇಲೆ ಹಲಗೆ ದಢಾರನೆ ಬಿತ್ತು.

ಧೂಳು ಇಳಿದಾಗ ಕಾಕಾ ಚೌಕದ ನಡುವೆ ನಿಂತಿದ್ದರು. ಅವರ ಹಿಂದೆ ನೆಲದ ಮೇಲೆ ಕಾಕಿಯ ಚಿತ್ರ, ತುಟಿಯ ಮೇಲೆ ಬೆರಳು. ಹಲಗೆಯ ಬಗ್ಗೆ ಅವರು ಏನೂ ಕೇಳಲಿಲ್ಲ. ಸಣ್ಣ ಹುಡುಗನ ಹಾಗೆ ಮುಖ ಅರಳಿಸಿಕೊಂಡು, "ಏ, ನೀ ನನ್ನ ಹೆಸರು ಕರದೇನ?" ಎಂದರು. ಕಾಕಿ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದು ಕೂತಳು. ಅವಳಿಗೆ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು. ಅವರ ವಯಸ್ಸಿಗೆ, ಅವರ ಎದೆಗೆ ಆ ಜ್ವರ ಬಂದರೆ ಏನಾಗುತ್ತದೆಂದು ಮೇಲಿನ ಓಣಿಯಲ್ಲಿ ನೋಡಿಯಾಗಿತ್ತು.

ಸದ್ದು ಕೇಳಿ ಇಂದುಮತಿ ಮೇಡಂ ಓಡಿಬಂದರು. "ಹೆಸರು ಕೂಗಿದ್ದು ಕೇಳಿಸಿತು. ಯಾರು ಕರೆದದ್ದು?" ಎಂದರು.

ಇಡೀ ಚೌಕಕ್ಕೆ ಏನೂ ಕೇಳಿಸಿರಲಿಲ್ಲ. ಚಿದಾನಂದ ಆಕಾಶ ನೋಡಿದ. ಪಿಂಗಾಣಿಯವನು ಒಂದು ಬರಣಿಯ ಒಳಗೆ ಇಣುಕಿದ. ಮೇಡಂ ನನ್ನ ತೋಳಪಟ್ಟಿಯ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಿ ಎದ್ದು ನಿಂತಳು.

"ನಾನs ಕರದೇನ್ರಿ. ಇವ್ರನ್ಯಾಕ ಕೇಳ್ತೀರಿ? ನಾ ಮುಚ್ಚಿಟ್ರ ಅವರಿಗೆ ಔಷಧ ಯಾರು ಕೊಡ್ತಾರ? ಈಗಿಂದs ನೋಡಾಕ ಚಾಲೂ ಮಾಡ್ರಿ."

ಮೇಡಂ ಬಿದ್ದ ಹಲಗೆಯನ್ನೂ ಕಾಕಾನನ್ನೂ ನೋಡಿದರು. ನಿಯಮದ ಪ್ರಕಾರ ಏನು ಹೇಳಬೇಕೋ ಅದನ್ನು ಮೆಲ್ಲಗೆ ಹೇಳಿದರು. ಇನ್ನು ತರಗತಿ ಇಲ್ಲ, ಇಬ್ಬರೂ ಮನೆಯಿಂದ ಹೊರಗೆ ಬರುವ ಹಾಗಿಲ್ಲ, ಜ್ವರದ ಮನೆಯೆಂಬ ಗುರುತಿಗೆ ಬಾಗಿಲಿಗೆ ನೀಲಿ ಬಟ್ಟೆ. ಆ ಬಟ್ಟೆ ಕಟ್ಟುವ ಕೆಲಸವೂ ಕಿವಿದಾರನದೇ. ನನ್ನ ಅಂಗಡಿಯ ನೀಲಿ ಪಾಪ್ಲಿನ್ನಿನ ತುಂಡನ್ನೇ ಅವರ ಬಾಗಿಲಿಗೆ ಕಟ್ಟಿದೆ, ಮೊದಲ ಗಂಟು ಜಾರಿತು. ಒಳಗಿನಿಂದ ಕಾಕಾ, "ಚಲೋತ್ನಾಗಿ ಕಟ್ಟಲೇ, ಟೇಲರ ಅದೀ!" ಎಂದು ಕೂಗಿದರು.

ಮೊದಲ ದಿನ ಏನೂ ಇಲ್ಲ. ಓಣಿಯವರು ಉಸಿರು ಬಿಗಿಹಿಡಿದು ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದರು. ಮರುದಿನ ನಾನು ಒಂದು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಾಗ ಗೋಡೆಯಾಚೆ ಒಂದು ಬಿಕ್ಕಳಿಕೆ ಕೇಳಿಸಿತು. ಸೂಜಿ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಕಿವಿದಾರನಾದೆನಲ್ಲ ಎಂದು ನನಗೆ ಬೇಸರವಾದದ್ದು ಆಗ ಮಾತ್ರ.

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತೇವಲ್ಲ, ಕಾಕಾ ಅದನ್ನೇ ಹಿಡಿದುಕೊಂಡು ಹೆಂಡತಿಯನ್ನು ಕಾಡಿಸತೊಡಗಿದರು. ಹಿಕ್ ಎನ್ನುವುದು, "ಯಾರ ನೆನಸ್ಯಾರಬೇ?" ಎಂದು ಕೇಳುವುದು. "ನಾನು. ಬಾಜೂಕ ಕುಂತೀನಲ್ಲ, ಮತ್ಯಾರು ನೆನಸ್ತಾರ?" ಎಂದು ಕಾಕಿ ಗದರುವುದು. "ಮತ್ತೊಮ್ಮೆ ಕರದಬಿಡ, ಹೆಂಗೂ ಜ್ವರ ಬಂದಾಗೇತಿ" ಎನ್ನುವುದು. "ಸುಮ್ಮ ಗಂಜಿ ಕುಡೀರಿ" ಎನ್ನುವುದು. ಗೋಡೆಯ ಈಚೆ ನಾನೂ ಬೀಬಿಜಾನಳೂ ನಗುತ್ತಿದ್ದೆವು, ನಗುತ್ತಲೇ ಹೆದರುತ್ತಿದ್ದೆವು.

ಓಣಿ ಸುಮ್ಮನಿರಲಿಲ್ಲ. ಬಾಗಿಲ ಮುಂದಿನ ಕಲ್ಲಿನ ಮೇಲೆ ಮೆಣಸಿನ ಸಾರು, ಬಿಸಿನೀರಿನ ತಂಬಿಗೆ, ಬೀಬಿಜಾನಳ ರವೆಗಂಜಿ ಬಂದು ಕೂರುತ್ತಿದ್ದವು. ಇಟ್ಟವರು ಕೀಲಿ ಅಲ್ಲಾಡಿಸಿ ಹೋಗುತ್ತಿದ್ದರು. ಗಿರಣಿಯವರು ಹಿಟ್ಟು ದಪ್ಪ ಬೀಸುತ್ತಾರೆಂದು ಎಷ್ಟೋ ವರ್ಷದಿಂದ ಜಗಳವಾಡುತ್ತಿದ್ದ ಚಿದಾನಂದ ಜೇನಿನ ಬಾಟಲಿ ತಂದಿಟ್ಟು, ಯಾರಿಗೂ ಕಾಣದ ಹಾಗೆ ಗಿರಣಿಯ ಬೀಗ ಭದ್ರವಿದೆಯೇ ಎಂದು ಎಳೆದು ನೋಡಿ ಹೋದ. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಒಂದು ಹೆಸರೂ ಜಾರಲಿಲ್ಲ. ನಾನು ಯಾರನ್ನೂ ಎಚ್ಚರಿಸಬೇಕಾಗಿ ಬರಲಿಲ್ಲ. ಕಟ್ಟೆಯ ಭಾಷಣಗಳೂ ನಿಂತವು.

ಒಂದು ಬೆಳಿಗ್ಗೆ ಕಾಕಿ ಕಿಟಕಿಯ ಸಂದಿಯಿಂದ ನನ್ನನ್ನು ಕರೆದಳು. ಕಣ್ಣು ಕೆಂಪಗಾಗಿದ್ದವು. "ಏ ಟೇಲರ, ಕರೀದಿದ್ರ ಹಲಗಿ, ಕರದ್ರ ಜ್ವರ. ನಾ ಏನ ಮಾಡ್ಲೆಪಾ? ನನ್ನ ಬಾಯಿಂದನs ಅವರು ಹೋದ್ರ ನಾ ಹೆಂಗ ಇರ್ಲಿ?" "ನೀ ಕರದಿದ್ದಕ್ಕ ಅವರು ಇವತ್ತು ಬಿಕ್ಕಾಕರೆ ಅದಾರ ಕಾಕಿ," ಎಂದೆ. ಅವಳು ತಲೆಯಾಡಿಸಿ ಕಿಟಕಿ ಮುಚ್ಚಿದಳು.

ಅಂದು ಮಧ್ಯಾಹ್ನ ಕಾಕಾನ ಮಾತು ನಿಂತಿತು. ಉಬ್ಬಸ ಏರಿ ಉಸಿರಿಗೇ ಹೆಣಗಾಡುತ್ತಿದ್ದರು. ಇಂದುಮತಿ ಮೇಡಂ ಬಂದು ಕೂತವರು ಕಚೇರಿಗೆ ಹೋಗಲೇ ಇಲ್ಲ. ಗೋಡೆಯಾಚೆಯಿಂದ ಈಗ ಬಿಕ್ಕಳಿಕೆ ಮಾತ್ರ ಬರುತ್ತಿತ್ತು, ಪ್ರಶ್ನೆ ಇಲ್ಲ. ಆದರೂ ಕಾಕಿ ಉತ್ತರ ಕೊಡುತ್ತಿದ್ದಳು. ಹಿಕ್ ಎಂದರೆ, "ನಾನು." ಮತ್ತೆ ಹಿಕ್ ಎಂದರೆ, "ನಾನss." ಒಂದನ್ನೂ ಬಿಡಲಿಲ್ಲ. ಸ್ವರ ಒಡೆದರೂ, "ನಾನು... ಇಲ್ಲೇ ಅದೀನಿ... ನಾನು." ಬೀಬಿಜಾನ ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ನಾನು ಹೊಲಿಗೆ ಯಂತ್ರದ ಮುಂದೆ ಕೂತು, ಚಕ್ರ ತಿರುಗಿಸದೆ, ಆ ಉತ್ತರಗಳನ್ನೇ ಕೇಳುತ್ತಿದ್ದೆ. ನನ್ನ ಕಿವಿ ಕೇಳಿದ ಒಳ್ಳೆಯ ಮಾತು ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಇಳಿಹೊತ್ತಿಗೆ ಬಿಕ್ಕಳಿಕೆಗಳ ನಡುವೆ ಅಂತರ ಬಿತ್ತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾನು ಎದ್ದು ಗೋಡೆಗೆ ಕಿವಿ ಹಚ್ಚಿದೆ. ಅಷ್ಟರಲ್ಲಿ ಕಾಕಾನ ಸ್ವರ ಬಂತು, ಸಣ್ಣಗೆ: "ಹಸಿವ್ಯಾಗೇತಿ. ಮತ್ತ ಆ ಗಂಜೀನs ಕೊಟ್ಟೀ ಅಂದ್ರ ನೋಡ." ಬೀಬಿಜಾನ ಅಲ್ಲಿಂದಲೇ ಗೋಡೆಗೆ ಕೂಗಿದಳು, "ರೊಟ್ಟಿ ಬಡೀತೀನಿ ತಡೀರಿ!"

ಕಾಕಾ ಎದ್ದು ಓಡಾಡುವ ಹೊತ್ತಿಗೆ ಸರಕಾರದಿಂದ ಹೊಸ ಸುತ್ತೋಲೆ ಬಂತು. ಒಮ್ಮೆ ಜ್ವರ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ, ಆದ್ದರಿಂದ ಅವರನ್ನು ಹೆಸರು ಹಿಡಿದು ಕರೆಯಬಹುದು, ಗುರುತಿಗಾಗಿ ಮುಂಗೈಗೆ ಹಸಿರು ಪಟ್ಟಿ. ಬಿದಿರಿನ ಅಡ್ಡದೊಳಗಿದ್ದ ನಮ್ಮ ಓಣಿಯಲ್ಲಿ ಹೆಸರು ಜಾರಿದಾಗಲೂ ಬೇರೆ ಯಾರಿಗೂ ಜ್ವರ ಬಂದಿರಲಿಲ್ಲ, ಅಂಥವರು ಗಿರಣಿ ಕಾಕಾ ಒಬ್ಬರೇ. ಮೇಡಂ ಪಟ್ಟಿ ಕಟ್ಟಿದ ಮರುಗಳಿಗೆಯಿಂದ ಸುರುವಾಯಿತು ನೋಡಿ.

ತಿಂಗಳುಗಟ್ಟಲೆ ಒಂದು ಹೆಸರನ್ನು ಗಟ್ಟಿಯಾಗಿ ಕರೆಯದೆ ಇದ್ದವರಿಗೆ ಬಾಯಿ ಎಷ್ಟು ಹಸಿದಿರುತ್ತದೆಂದು ನನಗೂ ಗೊತ್ತಿರಲಿಲ್ಲ. ಮೊದಲು ಮಕ್ಕಳು ಕರೆದರು. ಆಮೇಲೆ ಹಾಲಿನವನು, ಹೂವಿನವಳು. ಬೀಬಿಜಾನ ಗೋಡೆ ಬಡಿದು ಕರೆದಳು. ಚಿದಾನಂದ ಹಿಟ್ಟಿನ ಜಗಳ ಮರೆತು ಅಂಗಡಿಯಿಂದಲೇ ರಾಗವಾಗಿ ಕರೆದ, ಯಾಕೆ ಎಂದರೆ, "ಏನಿಲ್ಲ, ಸುಮ್ನ" ಎಂದ. ನಾನೂ ಕರೆದೆ, ಸುಳ್ಳು ಯಾಕೆ ಹೇಳಲಿ. ಕಾಕಾನಂತೂ ಮದುಮಗನ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಸಿರು ಪಟ್ಟಿ ಕಾಣುವಂತೆ ತೋಳು ಮಡಚಿ, ಕೆಲಸವಿಲ್ಲದೆ ಓಣಿಯ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದರು. ಕಿವಿ ಮಂದ ಅಲ್ಲವೇ, ಜನ ಇನ್ನೂ ಗಟ್ಟಿಯಾಗಿ ಕರೆಯುತ್ತಿದ್ದರು. ಗಿರಣಿಯಲ್ಲಿ ಜೋಳದ ಡಬ್ಬಿಗಳು ಸಾಲುಗಟ್ಟಿ ಕಾಯುತ್ತಿದ್ದವು.

ಹೊಳೆವ್ವ ಕಾಕಿ ಮಾತ್ರ ಮತ್ತೆ "ರೀ"ಗೆ ಮರಳಿದ್ದಳು. ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಒಂದು ದಿನ ಕುಪ್ಪಸದ ಬಟ್ಟೆ ಕೊಡಲು ಬಂದವಳು ಹೊರಗೆ ಯಾರೋ ಕಾಕಾನನ್ನು ಕರೆದದ್ದು ಕೇಳಿ ಬಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಇಷ್ಟ ವರ್ಸ ನಾ ಅದನ್ನ ಬಾಯಾಗ ಇಟಗೊಂಡು ಕಾಯ್ದೆ. ಜೀವಾ ಒತ್ತಿ ಇಟ್ಟು ಒಮ್ಮೆ ಕರದೆ. ಈಗ ನೋಡ, ಹಾದ್ಯಾಗ ಹೋಗಾವ್ರೆಲ್ಲಾ ಶೇಂಗಾ ತಿಂದಂಗ ತಿನ್ನಾಕ್ಹತ್ಯಾರ."

"ಕಾಕಾಗ ಹೇಳಬೇಕಿಲ್ಲ?"

"ಅವರಿಗೇನ ಹೇಳ್ಲಿ? ಅವರ ಮಾರಿ ನೋಡೀಯಿಲ್ಲ, ಹಬ್ಬ ಆಗೇತಿ ಅವರಿಗೆ." ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು. ತೋಳಿನ ಅಳತೆ ಕೊಡುವುದನ್ನೂ ಮರೆತಿದ್ದಳು.

ಅದೇ ವಾರ ಒಂದು ಸಂಜೆ ಓಣಿಯವರು ಕಾಕಾನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ ಸುತ್ತ ನೆರೆದಿದ್ದರು. ಸರದಿಯ ಪ್ರಕಾರ ಒಬ್ಬೊಬ್ಬರು ಕರೆಯುವುದು, ಅವರು "ಓ!" ಎನ್ನುವುದು. ಯಾರು ಚೆನ್ನಾಗಿ ಕರೆದರೆಂದು ಚಿದಾನಂದ ತೀರ್ಪು ಕೊಡುತ್ತಿದ್ದ. ನೋಡಲು ಬಂದ ಇಂದುಮತಿ ಮೇಡಂ ಕೂಡ ಸ್ವಲ್ಪ ನಾಚಿ, "ನಾನೂ ಒಮ್ಮೆ ಕರೆಯಲೇ? ಯಾರನ್ನಾದರೂ ಕರೆದು ಬಹಳ ದಿನವಾಯಿತು" ಎಂದರು. ಕರೆದರು. ಕರೆದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಊರಿನಲ್ಲಿ ಯಾರು ನೆನಪಾದರೋ.

ಆಗ ಹೊಳೆವ್ವ ಕಾಕಿ ಕೈಯಲ್ಲಿ ಸಾರಿನ ಸೌಟು ಹಿಡಿದುಕೊಂಡೇ ಮನೆಯಿಂದ ಹೊರಬಂದಳು. ಜನ ದಾರಿ ಬಿಟ್ಟರು. ಕಟ್ಟೆಯ ಹತ್ತಿರ ಬಂದು ನಿಂತು ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ನನ್ನ ಮುಖವನ್ನೂ. ಕಾಕಾ ಬೆನ್ನು ತಿರುಗಿಸಿ ಯಾವುದೋ ಮಗುವಿನ ಜೊತೆ ನಗುತ್ತಿದ್ದರು.

ಕಾಕಿ ಅವರನ್ನು ಹೆಸರು ಹಿಡಿದು ಕರೆದಳು. ಸಂತೆ ಚೌಕದಲ್ಲಿ ಕೂಗಿದ ಹಾಗೆ ಅಲ್ಲ. ಒಲೆಯ ಮುಂದೆ ಕೂತು ಪಕ್ಕದವರಿಗೆ ಹೇಳುವಷ್ಟೇ ಸ್ವರದಲ್ಲಿ ಕರೆದು, "ಅನ್ನ ಆರಾಕ್ಹತ್ತೇತಿ, ಬಾ," ಎಂದಳು. "ಬರ್ರಿ" ಎನ್ನಲಿಲ್ಲ, "ಬಾ" ಎಂದಳು.

ಜನ ಅಷ್ಟು ಗಟ್ಟಿಯಾಗಿ ಕರೆದರೂ ಎರಡೆರಡು ಸಲ ಕರೆಸಿಕೊಳ್ಳುತ್ತಿದ್ದ ಕಾಕಾ ಒಂದೇ ಸಲಕ್ಕೆ ತಿರುಗಿದರು. ಹೆಂಡತಿಯನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಹಿಕ್ ಎಂದು ಬಿಕ್ಕಿದರು.

ಎಲ್ಲರೂ ಬೆಚ್ಚಿದೆವು. ಮೇಡಂ ನುಗ್ಗಿ ಹಣೆ ಮುಟ್ಟಿದರು, ನಾಡಿ ಹಿಡಿದರು. ಮೈ ತಂಪಗಿತ್ತು. "ಜ್ವರ ಇಲ್ಲ," ಎಂದರು, "ಇದು ಬರೀ ಬಿಕ್ಕಳಿಕೆ."

"ಯಾರ ನೆನಸ್ಯಾರಬೇ?" ಎಂದರು ಕಾಕಾ. ಅವರ ಕಣ್ಣು ತುಂಬಿತ್ತು.

"ನಾನು," ಎಂದಳು ಕಾಕಿ.

ಗುಂಪಿನ ಹಿಂದಿನಿಂದ ಯಾರೋ ಮುದುಕಿ, "ಆತು ಬಿಡ್ರೆ, ನಾಳೆ ಬಂತು. ಈಗ ಅಕೀನ ಹೊಸ್ತಿಲಾ ದಾಟಸ್ರಿ," ಎಂದಳು. ಓಣಿಗೆ ಓಣಿಯೇ ನಕ್ಕಿತು. ಕಾಕಾ ಕಟ್ಟೆಯಿಂದ ಇಳಿದು, ಮುಂಗೈಯ ಹಸಿರು ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಸೌಟು ಹಿಡಿದವಳ ಹಿಂದೆ ಊಟಕ್ಕೆ ಹೋದರು.

ಆ ಸಂಜೆಯ ನಂತರ ಅವರನ್ನು ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಯಾರೂ ಡಂಗುರ ಸಾರಿರಲಿಲ್ಲ, ಹಲಗೆ ನಿಲ್ಲಿಸಿರಲಿಲ್ಲ. ಮುಂದೆ ಜ್ವರ ಊರು ಬಿಟ್ಟು ಹೋಯಿತು, ಸರಕಾರ ಹುಕುಂ ಹಿಂದಕ್ಕೆ ಪಡೆಯಿತು. ಆ ದಿನ ನಮ್ಮ ಊರಿನಲ್ಲಿ ಎಂಥ ಗದ್ದಲ! ಅವ್ವಂದಿರು ಮಕ್ಕಳನ್ನು ಕರೆದರು, ಮಾಸ್ತರರು ಹಾಜರಿಯನ್ನು ಎರಡು ಸಲ ಕೂಗಿದರು, ಚಿದಾನಂದ ಬೀದಿಯಲ್ಲಿ ನಿಂತು ತನ್ನನ್ನು ತಾನೇ ಕರೆದುಕೊಂಡ. ಎಲ್ಲರ ಹೆಸರೂ ಎಲ್ಲರಿಗೂ ಮರಳಿ ಬಂತು. ಒಂದು ಹೆಸರು ಮಾತ್ರ ಇವತ್ತಿಗೂ ಓಣಿಯವರು ಬಾಯಲ್ಲಿ ತರುವುದಿಲ್ಲ. ದಿನಕ್ಕೆರಡು ಸಲ, ಊಟದ ಹೊತ್ತಿಗೆ, ನನ್ನ ಗೋಡೆಯಾಚೆಯಿಂದ ಒಬ್ಬಳದೇ ಸ್ವರದಲ್ಲಿ ಅದು ಕೇಳಿಸುತ್ತದೆ. ಹೊಸಬರು ಯಾರಾದರೂ ಓಣಿಗೆ ಬಂದು ಅವರ ಹೆಸರೇನೆಂದು ಕೇಳಿದರೆ, ಗಿರಣಿ ಕಾಕಾ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ನಿಯಮಕ್ಕೆ ಕಿವಿದಾರ ಬೇಕಾಗಲಿಲ್ಲ.

ಇಷ್ಟೆಲ್ಲ ಹೇಳಿದೆ, ನಿಮಗೂ ಅವರ ಹೆಸರು ಹೇಳಿಲ್ಲ ನೋಡಿ.